ಕೆಂಪು ಕಣ್ಣಿನವನು ಹೋಳಿಗೆ ಬಡಿಸಿದ್ದು

ನನಗೆ ನಲವತ್ತೇಳು ವರ್ಷವಾದಾಗ, ಜೀವನದಲ್ಲಿ ಮೊದಲ ಬಾರಿಗೆ, ಒಂದು ಮದುವೆಯಲ್ಲಿ ಹೋಳಿಗೆ ಬಡಿಸುವ ಕೆಲಸ ಸಿಕ್ಕಿತು. ಅದರಲ್ಲೇನಿದೆ ಎಂದು ಕೇಳುವವರು ನಮ್ಮ ಕಡೆಯ ಮದುವೆ ನೋಡಿದವರಲ್ಲ. ಶಿರಸಿ, ಸಿದ್ದಾಪುರದ ನಮ್ಮ ಜನರಲ್ಲಿ ಅಡುಗೆಗೆ ಬೇಕಾದರೆ ಭಟ್ಟರನ್ನು ಕರೆಸುತ್ತಾರೆ. ಬಡಿಸುವುದು ಮಾತ್ರ ನೆಂಟರಿಷ್ಟರೇ. ಊಟಕ್ಕೆ ಕೂತ ಸಾಲಿಗೆ ಹಂತಿ ಎನ್ನುತ್ತೇವೆ. ಹಂತಿಯಲ್ಲಿ ಯಾರು ಏನು ಹಿಡಿದು ಬಂದರು ಎಂಬುದರಿಂದ ಆ ಮನುಷ್ಯನ ಬೆಲೆ ಗೊತ್ತಾಗುತ್ತದೆ. ಉಪ್ಪು, ಉಪ್ಪಿನಕಾಯಿ ಹೊಸದಾಗಿ ಕಲಿಯುವವರಿಗೆ. ಅನ್ನ ರಟ್ಟೆಯಲ್ಲಿ ಬಲ ಇದ್ದವರಿಗೆ. ತುಪ್ಪ ಚಮಚೆಯ ಮೇಲೆ ಹಿಡಿತ ಇದ್ದವರಿಗೆ, ಅಂದರೆ ತುಸು ಜಿಪುಣರಿಗೆ. ಹೋಳಿಗೆ ಮಾತ್ರ ಬರಿಗೈಯಲ್ಲಿ ಬಡಿಸುವಂಥದ್ದು. ಎಲೆಯ ಮುಂದೆ ಬಗ್ಗಿ, ಇನ್ನೊಂದು, ಇನ್ನೊಂದೇ ಒಂದು ಎಂದು ಒತ್ತಾಯ ಮಾಡಿ, ಬೇಡ ಬೇಡ ಎಂದು ಅಡ್ಡ ಹಿಡಿದ ಕೈಗಳ ಸಂದಿಯಿಂದ ಜಾರಿಸಿ ಬರುವ ಆ ಕೆಲಸ ಊರಿಗೆಲ್ಲ ಬೇಕಾದವನಿಗೆ ಸಿಗುತ್ತದೆ.

ನನ್ನ ಕೈ ಯಾರಿಗೂ ಬೇಕಾದದ್ದಾಗಿರಲಿಲ್ಲ. ನನಗೆ ಹುಟ್ಟಿದ ವರ್ಷದಿಂದಲೇ ಇಸುಬು. ಮೊಣಕೈ ಸಂದಿ, ಮೊಣಕಾಲ ಹಿಂದೆ, ಕುತ್ತಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಎರಡೂ ಅಂಗೈ. ಒಡೆದು, ಸೋರಿ, ಒಣಗಿ, ಮತ್ತೆ ಒಡೆಯುವ ಚರ್ಮ. ಇದು ಹರಡುವ ರೋಗವಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರೂ ನನ್ನ ಕೈಗೆ ಸೌಟು ಕೊಡಲಿಲ್ಲ. ಬಾಯಿಬಿಟ್ಟು ಬೇಡ ಎಂದವರೂ ಇಲ್ಲ. 'ನೀನು ವಾಹನ ನಿಲ್ಸದು ನೋಡ್ಕ್ಯ, ನಿನ್ನಷ್ಟು ಶಿಸ್ತು ಬೇರೆಯವಕ್ಕೆ ಇಲ್ಲೆ' ಎಂದು ಹೊಗಳಿಯೇ ಹೊರಗೆ ಕಳಿಸುತ್ತಿದ್ದರು. ಮೂವತ್ತು ವರ್ಷಗಳಲ್ಲಿ ನಾನು ವಾಹನ ನಿಲ್ಲಿಸಿದ್ದೇನೆ, ಜನರೇಟರ್ ಕಾದಿದ್ದೇನೆ, ಊಟದ ಹಾಲಿನ ಫ್ಯಾನುಗಳ ದಿಕ್ಕು ತಿರುಗಿಸಿದ್ದೇನೆ, ಪುರೋಹಿತರನ್ನು ಮನೆಗೆ ಬಿಟ್ಟುಬಂದಿದ್ದೇನೆ. ಒಮ್ಮೆ ನೀರಿನ ಜಗ್ಗು ಸಿಕ್ಕಿತ್ತು, ಅದಕ್ಕೆ ಹಿಡಿಕೆ ಇತ್ತಲ್ಲ, ಹಾಗಾಗಿ. ಅದನ್ನೂ ಅರ್ಧ ಹಂತಿಯಲ್ಲಿ ಯಾರೋ 'ನಿಂಗೆ ಸುಸ್ತಾತು' ಎಂದು ಕಸಿದುಕೊಂಡರು. ನನಗೆ ಸುಸ್ತಾಗಿರಲಿಲ್ಲ. ಕೋಪ ಬಂದಿತ್ತು, ನುಂಗಿಕೊಂಡು ಜನರೇಟರಿನ ಬಳಿ ಹೋಗಿ ನಿಂತೆ.

ನಾನು ಯಲ್ಲಾಪುರದಲ್ಲಿ ಹೈಸ್ಕೂಲ್ ಮಾಸ್ತರ, ವಿಜ್ಞಾನ ಕಲಿಸುತ್ತೇನೆ. ಸೀಮೆಸುಣ್ಣದ ಪುಡಿ ಅಂಗೈಯ ಬಿರುಕಿಗೆ ಹೋದರೆ ಏನಾಗುತ್ತದೆ ಎಂಬುದರ ಮೇಲೆ ನಾನೊಂದು ಪಾಠ ಬರೆಯಬಲ್ಲೆ. ಹಾಗಿರುವಾಗ ಹುಬ್ಬಳ್ಳಿಯ ಚರ್ಮದ ಡಾಕ್ಟರು ಒಂದು ದಿನ ನನ್ನ ಹಳೆಯ ಚೀಟಿಗಳ ಕಟ್ಟನ್ನೆಲ್ಲ ಪಕ್ಕಕ್ಕೆ ಸರಿಸಿ, ಬಯಲಾಜಿಕ್ ಎಂಬ ಹೊಸ ಬಗೆಯ ಇಂಜೆಕ್ಷನ್ ಇದೆ ಎಂದರು. ಹದಿನೈದು ದಿನಕ್ಕೊಮ್ಮೆ. ಪೆನ್ನಿನ ಹಾಗಿರುತ್ತದೆ, ನೀವೇ ತೊಡೆಗೋ ಹೊಟ್ಟೆಗೋ ಒತ್ತಿ ಹಿಡಿದರೆ ಸಾಕು. ಶುರು ಮಾಡುವ ಮೊದಲು ಹೊಟ್ಟೆಯಲ್ಲಿ ಹುಳ ಇಲ್ಲ ಎಂದು ಪರೀಕ್ಷೆ ಮಾಡಿಸಬೇಕು. ಯಲ್ಲಾಪುರದ ಲ್ಯಾಬಿನಲ್ಲಿ ಕೂತವಳು ನನ್ನ ಹಳೇ ವಿದ್ಯಾರ್ಥಿನಿ. ಮಲದ ಮಾದರಿಯ ಡಬ್ಬಿ ಕೊಡುವಾಗ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಸಂಜೆ ವರದಿ ತರಲು ಹೋದಾಗ, ಬೆಂಚಿನ ಮೇಲೆ ಆರು ಜನ ಕೂತಿದ್ದರು. ಅವರ ಮುಂದೆಯೇ ಆಕೆ ಸಂತೋಷದಿಂದ 'ಸರ್, ಹುಳ ಇಲ್ಲ ಸರ್, ಪಾಸ್!' ಎಂದು ಕೂಗಿದಳು.

ಆಮೇಲಿನ ಸಮಸ್ಯೆ ಫ್ರಿಜ್ಜಿನದು. ಆ ಪೆನ್ನನ್ನು ಹುಬ್ಬಳ್ಳಿಯಿಂದ ತಣ್ಣಗೇ ತರಬೇಕು, ತಣ್ಣಗೇ ಇಡಬೇಕು. ನನ್ನ ಗೆಳೆಯನೊಬ್ಬ ಯಲ್ಲಾಪುರದ ಸಾಬರವನು, ಸ್ವಂತ ವ್ಯಾನಿನಲ್ಲಿ ವಾರಕ್ಕೆ ಮೂರು ಸಲ ಹುಬ್ಬಳ್ಳಿಗೆ ಸಾಮಾನು ಒಯ್ದು ತರುವವನು. ನಾನಿದ್ದೇನಲ್ಲ ಎಂದ. ತಂದ ಕೂಡ. ಆದರೆ ಅವನ ಬಳಿ ಇದ್ದ ಥರ್ಮಾಕೋಲ್ ಡಬ್ಬಿ ಅಂಕೋಲೆಯಿಂದ ಬಂಗಡೆ ಮೀನು ತರಲು ಇಟ್ಟುಕೊಂಡದ್ದು. ನನ್ನ ಹೆಂಡತಿ ಬಾಗಿಲಲ್ಲೇ ಅದನ್ನು ತಡೆದಳು.

"ಈ ಡಬ್ಬಿ ಅಡಿಗೆಮನೆ ಒಳಗೆ ಬಪ್ಪಲಾಗ."

"ಒಳಗಿರದು ಔಷಧಿ," ಎಂದೆ.

"ಔಷಧಿ ಆಗ್ಲಿ, ಅಮೃತ ಆಗ್ಲಿ. ಮೊಸರಿನ ಪಕ್ಕಕ್ಕೆ ಬಂಗಡೆ ವಾಸನೆ ಇಡಲೆ ಆಗ್ತಿಲ್ಲೆ."

ಗೆಳೆಯ ಮೆಟ್ಟಿಲ ಕೆಳಗೆ ನಿಂತು ನೊಂದುಕೊಂಡ. "ಮಾಸ್ತರ್ರೇ, ಮೂರ್ ಸಲ ಸೋಪ್ ಹಚ್ಚಿ ತೊಳ್ದೀನ್ರೀ. ಇನ್ನೇನ್ ಅತ್ತರ್ ಹಾಕ್ಲಾ?"

ಅವನು ತಮಾಷೆಗೆ ಹೇಳಿದ್ದು ಎಂದುಕೊಂಡಿದ್ದೆ. ಮುಂದಿನ ಸಲ ನಿಜವಾಗಿಯೂ ಅತ್ತರ್ ಹಾಕಿಕೊಂಡು ಬಂದ. ಬಂಗಡೆಯೂ ಅತ್ತರೂ ಸೇರಿ ಹುಟ್ಟಿದ ವಾಸನೆಗೆ ನಮ್ಮ ಓಣಿಯ ನಾಯಿಗಳು ಎರಡು ದಿನ ಗೇಟಿನ ಬಳಿಯೇ ಕೂತಿದ್ದವು. ಕಡೆಗೆ ಪೆನ್ನನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸ್ಟೀಲಿನ ಡಬ್ಬದೊಳಗಿಟ್ಟು, ಫ್ರಿಜ್ಜಿನ ಬಾಗಿಲ ಕಡೆಯಲ್ಲಿ ಜಾಗ ಕೊಡಬಹುದು ಎಂಬ ಒಪ್ಪಂದವಾಯಿತು. ಬಾಗಿಲಲ್ಲಿ ಇಡಬಾರದು, ತಣ್ಣಗೆ ಒಂದೇ ಸಮ ಇರುವ ಒಳಗಡೆ ಇಡಬೇಕು ಎಂದು ಕಾಗದದಲ್ಲಿ ಬರೆದದ್ದನ್ನು ನಾನು ಓದಿ ಹೇಳಿದೆ. ಹೆಂಡತಿ ಮೊಸರನ್ನು ಬಾಗಿಲಿಗೆ ಕಳಿಸಿದಳು, ಒಂದು ವಾರ ನನ್ನ ಬಳಿ ಸರಿಯಾಗಿ ಮಾತಾಡಲಿಲ್ಲ.

ಆದರೆ ಮದ್ದು ಹಿಡಿಯಿತು. ಇದನ್ನು ಹೇಗೆ ಹೇಳಲಿ? ಎರಡನೇ ತಿಂಗಳಿನಲ್ಲಿ ಒಂದು ಬೆಳಿಗ್ಗೆ ಎದ್ದಾಗ, ಮಧ್ಯರಾತ್ರಿ ಎಚ್ಚರವೇ ಆಗಲಿಲ್ಲ ಎಂಬುದು ಹೊಳೆಯಿತು. ಹಾಸಿಗೆಯಲ್ಲಿ ರಕ್ತದ ಕಲೆ ಇಲ್ಲ. ಅಂಗೈ ನೋಡಿಕೊಂಡೆ. ಅಲ್ಲಿ ಗೆರೆಗಳಿದ್ದವು, ಎಲ್ಲರ ಅಂಗೈಯಲ್ಲಿ ಇರುವಂಥ ಗೆರೆಗಳು. ನಾನು ಅವನ್ನು ನೋಡಿಯೇ ಇರಲಿಲ್ಲ. ನನಗೆ ಅಳು ಬಂತು. ಹೆಂಡತಿ ಓಡಿ ಬಂದು ಏನಾಯಿತು ಎಂದಳು, ಕೈ ತೋರಿಸಿದೆ. ಅವಳು ಅದನ್ನು ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಮೊಸರಿನ ಜಗಳ ಅಲ್ಲಿಗೆ ಮುಗಿಯಿತು.

ಅದೇ ಸಮಯಕ್ಕೆ ಅಕ್ಕನ ಮಗಳ ಮದುವೆ ನಿಶ್ಚಯವಾಯಿತು. ಅಕ್ಕನನ್ನು ಕೊಟ್ಟದ್ದು ಸಿದ್ದಾಪುರದ ಮನ್ಮನೆ ಕಡೆ, ಮದುವೆ ಶಿರಸಿಯ ಕಲ್ಯಾಣ ಮಂಟಪದಲ್ಲಿ. ಭಾವ ಎಂದರೆ ಊಟದ ವಿಷಯದಲ್ಲಿ ಸೈನ್ಯದ ದಂಡನಾಯಕ. ಯಾರು ಏನು ಬಡಿಸಬೇಕು ಎಂಬ ಪಟ್ಟಿಯನ್ನು ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ತಯಾರಿಸುವವರು. ನಾನು ಹೋಗಿ ಅವರ ಮುಂದೆ ಎರಡೂ ಅಂಗೈ ಚಾಚಿದೆ. ಭಾವ ಕನ್ನಡಕ ಏರಿಸಿ, ನನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆರಳ ಸಂದಿಯನ್ನೂ ಬಿಡಿಸಿ ನೋಡಿದರು. ಕಡೆಗೆ ಪಟ್ಟಿ ತೆಗೆದು, ಒಂದು ಹೆಸರು ಹೊಡೆದುಹಾಕಿ ಬರೆದರು.

"ಹೋಳಿಗೆ ನಿಂಗೆ."

ಮೂವತ್ತು ವರ್ಷ ಜನರೇಟರ್ ಕಾದವನಿಗೆ ಆ ಎರಡು ಪದ ಎಷ್ಟು ದೊಡ್ಡವು ಎಂದು ಭಾವನಿಗೆ ಗೊತ್ತಿರಲಿಕ್ಕಿಲ್ಲ. ನಾನು ಮನೆಗೆ ಬಂದು ಚಪಾತಿ ತಟ್ಟೆಯಲ್ಲಿಟ್ಟುಕೊಂಡು ನಡುಮನೆಯಲ್ಲಿ ಬಗ್ಗಿ ಬಗ್ಗಿ ಅಭ್ಯಾಸ ಮಾಡಿದೆ.

ಮದುವೆಗೆ ಹದಿನೆಂಟು ದಿನ ಇರುವಾಗ ಕಣ್ಣು ಶುರುವಾಯಿತು.

ಅದಕ್ಕೂ ಮೊದಲು ನಡೆದದ್ದನ್ನು ಮುಚ್ಚಿಡದೆ ಹೇಳಬೇಕು. ಆಗ ಊರಲ್ಲೆಲ್ಲ ಕೆಂಗಣ್ಣು ಹರಡಿತ್ತು. ವಿಜ್ಞಾನದ ಮಾಸ್ತರನಾದ್ದರಿಂದ ಪ್ರಾರ್ಥನೆಯ ಹೊತ್ತಿನಲ್ಲಿ ನಾನೇ ಮೈಕ್ ಹಿಡಿದು, ಕಣ್ಣು ಕೆಂಪಾದವರು ಯಾರೇ ಆಗಲಿ ಶಾಲೆಗೆ ಬರಕೂಡದು, ಎಷ್ಟು ದೊಡ್ಡವರಾದರೂ ಸರಿ, ನಿಯಮ ಎಲ್ಲರಿಗೂ ಒಂದೇ ಎಂದು ಭಾಷಣ ಬಿಗಿದಿದ್ದೆ. ಚಪ್ಪಾಳೆಯೂ ಬಿದ್ದಿತ್ತು. ಅದಾಗಿ ಐದೇ ದಿನಕ್ಕೆ ನನ್ನ ಎರಡೂ ಕಣ್ಣು ಕುಂಕುಮದ ಬಟ್ಟಲಿನಂತಾದವು. ರೆಪ್ಪೆ ಉರಿ, ಮರಳು ಬಿದ್ದಂತೆ ಚುಚ್ಚುವುದು, ಸುಮ್ಮನೆ ನೀರು. ಮುಖವೂ ಕೆಂಪು. ಮುಖ್ಯೋಪಾಧ್ಯಾಯಿನಿ ತಮ್ಮ ಕೋಣೆಯ ಬಾಗಿಲಿನಿಂದ ಒಳಗೆ ಕರೆಯದೆ, ದೂರದಿಂದಲೇ, "ಸರ್, ನೀವೇ ಹೇಳಿದ್ದೀರಲ್ಲ" ಎಂದರು. ಇದು ಇಂಜೆಕ್ಷನ್ನಿನ ಅಡ್ಡಪರಿಣಾಮ ಇರಬೇಕು ಮೇಡಂ ಎಂದೆ. ನನ್ನ ಭಾಷಣದಲ್ಲಿ ಅಂಥ ವಿನಾಯಿತಿ ಇರಲಿಲ್ಲ. ಒಂಬತ್ತನೇ ತರಗತಿಯ ಕಿಟಕಿಗಳಲ್ಲೆಲ್ಲ ತಲೆಗಳು. ನಾನು ಚೀಲ ಹೆಗಲಿಗೇರಿಸಿ ಮೈದಾನ ದಾಟಿ ಹೋಗುವಾಗ ಯಾರೋ ಒಬ್ಬರು ಮತ್ತೆ ಚಪ್ಪಾಳೆ ತಟ್ಟಿದರು.

ಕೆಂಪು ಕಣ್ಣಿನವನು ಮನೆಯಲ್ಲಿ ಕೂತರೆ ಅಕ್ಕಪಕ್ಕದವರೆಲ್ಲ ವೈದ್ಯರಾಗುತ್ತಾರೆ. ಒಬ್ಬರು ನಂದಿಬಟ್ಟಲು ಹೂ ನೆನೆಸಿದ ನೀರು ತಂದರು. ಇನ್ನೊಬ್ಬರು ಹರಳೆಣ್ಣೆ. ಮೂರನೆಯವರು ಕೊತ್ತಂಬರಿ ಕಷಾಯದಲ್ಲಿ ಅದ್ದಿದ ಬಟ್ಟೆ. ನಾನು ಮಕ್ಕಳಿಗೆ ವೈಜ್ಞಾನಿಕ ಮನೋಭಾವ ಎಂಬ ಪಾಠವನ್ನು ಇಪ್ಪತ್ತು ವರ್ಷ ಮಾಡಿದವನು; ನೋವು ತಡೆಯದೆ ಮೂರನ್ನೂ ಒಂದೇ ದಿನ ಮಾಡಿಸಿಕೊಂಡೆ. ಮರುದಿನ ಕಣ್ಣು ತೆರೆಯಲೇ ಆಗಲಿಲ್ಲ.

ಗೆಳೆಯ ವ್ಯಾನಿನಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಗೆ ಒಯ್ದ. ಚರ್ಮದ ಡಾಕ್ಟರು ನೋಡಿ ಗಾಬರಿಯಾಗಲಿಲ್ಲ, ಅದೇ ನನಗೆ ಅರ್ಧ ಧೈರ್ಯ. ಈ ಇಂಜೆಕ್ಷನ್ ತೆಗೆದುಕೊಳ್ಳುವ ಕೆಲವರಿಗೆ ಹೀಗಾಗುತ್ತದೆ, ಇದು ಹರಡುವ ಕೆಂಗಣ್ಣಲ್ಲ, ನೀವಾಗಿಯೇ ಇಂಜೆಕ್ಷನ್ ನಿಲ್ಲಿಸಬೇಡಿ, ಶಿರಸಿಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದರು. ಹೂವು, ಎಣ್ಣೆ, ಕಷಾಯದ ವಿಷಯ ಕೇಳಿದಾಗ ಮಾತ್ರ ಪೆನ್ನು ಕೆಳಗಿಟ್ಟು ನನ್ನನ್ನು ದಿಟ್ಟಿಸಿದರು. "ನೀವು ಏನು ಕೆಲಸ ಮಾಡೋದು ಅಂದ್ರಿ?" ಎಂದರು. ನಾನು ಗುಮಾಸ್ತ ಎಂದೆ.

ವಾಪಸು ಬರುವಾಗ ಕಿರವತ್ತಿಯ ಢಾಬಾದಲ್ಲಿ ಗೆಳೆಯ ಊಟಕ್ಕೆ ನಿಲ್ಲಿಸಿದ. ನಾನು ಕಪ್ಪು ಕನ್ನಡಕ ಹಾಕಿಕೊಂಡು ಮೂಲೆಯಲ್ಲಿ ಕೂತು ಲಿಂಬು ಸೋಡಾ ಕುಡಿಯುತ್ತಿದ್ದೆ. ಕಣ್ಣು ಒರೆಸಲು ಕನ್ನಡಕ ತೆಗೆದ ಹೊತ್ತಿಗೇ ಎದುರು ಮೇಜಿನಲ್ಲಿ ನಮ್ಮ ಶಾಲೆಯ ಹುಡುಗಿಯೊಬ್ಬಳ ಅಪ್ಪ ಕಂಡ. ನನ್ನ ಕೆಂಪು ಮುಖ, ಕೆಂಪು ಕಣ್ಣು, ಕೈಯಲ್ಲಿ ಗ್ಲಾಸು, ಹಾಡುಹಗಲು, ಹೆದ್ದಾರಿಯ ಢಾಬಾ. ಅವನು ಬಹಳ ಮರ್ಯಾದೆಯಿಂದ ಬೇರೆ ಕಡೆ ನೋಡಿದ. ಗೆಳೆಯ ನನ್ನ ಗೌರವ ಕಾಪಾಡಲು ಎದ್ದು ಅವನ ಬಳಿ ಹೋಗಿ, "ಇದು ಸೋಡಾ ಐತ್ರೀ, ಮಾಸ್ತರ್ರು ಕುಡ್ಯಾಂಗಿಲ್ಲ" ಎಂದು ಇಡೀ ಢಾಬಾಕ್ಕೆ ಕೇಳುವಂತೆ ಹೇಳಿದ. ನಾವು ಯಲ್ಲಾಪುರ ಮುಟ್ಟುವ ಮೊದಲೇ ನಾನು ಕುಡಿಯಲು ಕಲಿತ ಸುದ್ದಿ ಮುಟ್ಟಿತ್ತು. ಅಕ್ಕ ಮನ್ಮನೆಯಿಂದ ಫೋನ್ ಮಾಡಿ ಅತ್ತಳು.

ಶಿರಸಿಯ ಕಣ್ಣಿನ ಡಾಕ್ಟರಮ್ಮ ದೀಪದ ಯಂತ್ರದಲ್ಲಿ ನೋಡಿ, ಒಂದು ಚೀಟಿ ತುಂಬ ಬರೆದುಕೊಟ್ಟರು. ಬೆಚ್ಚನೆಯ ಒದ್ದೆ ಬಟ್ಟೆಯನ್ನು ರೆಪ್ಪೆಯ ಮೇಲಿಡುವುದು, ರೆಪ್ಪೆಯ ಅಂಚು ಒರೆಸುವುದು, ಉರಿಯೂತಕ್ಕೆ ಕೆಲವೇ ವಾರ ಒಂದು ಹನಿ ಔಷಧಿ, ಮತ್ತೆ ದಿನಕ್ಕೆ ನಾಲ್ಕಾರು ಸಲ ಕೃತಕ ಕಣ್ಣೀರು. ಕಣ್ಣೀರು ಅಂಗಡಿಯಲ್ಲಿ ಸಿಗುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು. ಉಜ್ಜಬೇಡಿ, ಹೂವು ಗೀವು ಮುಟ್ಟಿಸಬೇಡಿ ಎಂದರು. ಗುಣವಾಗಲು ಎಷ್ಟು ದಿನ ಎಂದೆ. ಕಡಿಮೆಯಾಗುತ್ತಾ ಬರುತ್ತದೆ, ಅವಸರ ಮಾಡಬೇಡಿ ಎಂದರು. ಮದುವೆಗೆ ಹತ್ತು ದಿನ ಇತ್ತು.

ಮದುವೆಗೆ ನಾಲ್ಕು ದಿನ ಮೊದಲು ನನ್ನ ಮುಂದಿನ ಇಂಜೆಕ್ಷನ್. ಈಗ ಮನೆಯವರೆಲ್ಲ ಒಂದಾದರು. ಅಕ್ಕ, ಭಾವ, ಹೆಂಡತಿ, ಮೂವರದ್ದೂ ಒಂದೇ ಮಾತು: ಈ ಸಲ ಒಂದು ಬಿಟ್ಟುಬಿಡು.

"ಒಂದು ತಪ್ಪಿರೆ ಎಂತಾ ಆಗ್ತು?" ಎಂದರು ಭಾವ ಫೋನಿನಲ್ಲಿ. "ಕಣ್ಣು ಕೆಂಪಿದ್ದವ ಹಂತಿಗೆ ಬಂದ್ರೆ ಜನ ಎದ್ದು ಹೋಗ್ತ ಮಾರಾಯ. ಊರಲ್ಲೆಲ್ಲ ಕೆಂಗಣ್ಣು ಬಂಜು."

"ಇದು ಹಬ್ತಿಲ್ಲೆ ಭಾವ. ಡಾಕ್ಟರೇ ಹೇಳಿದ್ದು."

"ನೀ ಹೇಳಿರೆ ಜನ ಕೇಳ್ತ್ವಿಲ್ಲೆ. ಒಂದು ಬಿಡು, ಕಣ್ಣು ಬೆಳ್ಳಗಾಗ್ಲಿ, ಹೋಳಿಗೆ ಬಡ್ಸು. ಇಲ್ಲೆ ಹೇಳಾದ್ರೆ ಜನರೇಟರ್ ನೋಡ್ಕ್ಯ."

ಆ ದಿನ ಸಂಜೆ ಪೆನ್ನನ್ನು ಫ್ರಿಜ್ಜಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಚುಚ್ಚುವ ಮೊದಲು ಮುಕ್ಕಾಲು ಗಂಟೆ ಹೊರಗಿಡಬೇಕು, ತಣ್ಣಗಿದ್ದರೆ ಉರಿಯುತ್ತದೆ. ಆ ಮುಕ್ಕಾಲು ಗಂಟೆ ನಾನು ಅದರ ಎದುರು ಕೂತಿದ್ದೆ. ನನಗೆ ಹೋಳಿಗೆ ಬಡಿಸಬೇಕಿತ್ತು. ಎಷ್ಟು ಬೇಕಿತ್ತೆಂದರೆ, ನಾಚಿಕೆಯಾಗುವಷ್ಟು. ಐವತ್ತರ ಹತ್ತಿರ ಬಂದ ಗಂಡಸು ಒಂದು ತಟ್ಟೆ ಹೋಳಿಗೆಗಾಗಿ ಔಷಧಿ ಬಿಡುವುದೋ ಬೇಡವೋ ಎಂದು ಯೋಚಿಸುತ್ತಿದ್ದೆ. ಬಿಟ್ಟರೆ ಕಣ್ಣು ನಾಲ್ಕೇ ದಿನದಲ್ಲಿ ತಿಳಿಯಾಗುತ್ತದೆ ಎಂಬ ಖಾತ್ರಿಯೂ ಇರಲಿಲ್ಲ. ಚರ್ಮ ಮತ್ತೆ ಒಡೆದರೆ ಅದು ನನ್ನದೊಬ್ಬನದೇ ಪಾಡು. ಇಷ್ಟು ವರ್ಷ ಈ ಜನರ ಕಣ್ಣಿಗೆ ಚೆನ್ನಾಗಿ ಕಾಣಲೆಂದೇ ನಾನು ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ; ಈಗ ಅವರಿಗಾಗಿ ಕೈಯನ್ನೇ ಮತ್ತೆ ಕಳೆದುಕೊಳ್ಳುವುದೇ? ಸಿಟ್ಟು ನೆತ್ತಿಗೇರಿತು. ಪೆನ್ನು ತೆಗೆದು ಎಡತೊಡೆಗೆ ಒತ್ತಿ ಹಿಡಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು, ಹತ್ತಿ ತಂದುಕೊಟ್ಟಳು.

ಭಾವನಿಗೆ ಫೋನ್ ಮಾಡಿ, ಇಂಜೆಕ್ಷನ್ ತೆಗೆದುಕೊಂಡಿದ್ದೇನೆ, ಹೋಳಿಗೆಯನ್ನೂ ನಾನೇ ಬಡಿಸುತ್ತೇನೆ ಎಂದೆ.  ಹಾಗಾದರೆ ಹರಡುವುದಿಲ್ಲ ಎಂದು ಡಾಕ್ಟರು ಬರೆದು ಕೊಡಲಿ ಎಂದರು ಭಾವ. ಕಣ್ಣಿನ ಡಾಕ್ಟರಮ್ಮ ನಗುತ್ತಾ ಬರೆದುಕೊಟ್ಟರು. ಇಂಗ್ಲಿಷಿನಲ್ಲಿತ್ತು. ನಾನು ಮಾಸ್ತರಲ್ಲವೇ, ಅದನ್ನು ಸರಳ ಕನ್ನಡಕ್ಕೆ ಇಳಿಸಿ, ದುಂಡು ಅಕ್ಷರದಲ್ಲಿ ಬರೆದು, ಫೋಟೋ ತೆಗೆದು ಭಾವನಿಗೆ ಕಳಿಸಿದೆ. ಅವರು ಓದಿ ಮನಸ್ಸಿಗೆ ಸಮಾಧಾನ ಮಾಡಿಕೊಳ್ಳಲಿ ಎಂದಷ್ಟೇ ನನ್ನ ಉದ್ದೇಶ.

ಮದುವೆಯ ದಿನ ಮಂಟಪಕ್ಕೆ ಹೋದಾಗ, ಊಟದ ಹಾಲಿನ ಬಾಗಿಲಲ್ಲಿ, ವಧೂವರರ ಫ್ಲೆಕ್ಸಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಇನ್ನೊಂದು ಫ್ಲೆಕ್ಸ್ ಇತ್ತು. ಸುತ್ತ ಹೂವಿನ ಅಂಚು, ಮೇಲೆ ಜೋಡಿಸಿದ ಎರಡು ಕೈ, ಕೆಳಗೆ ನನ್ನದೇ ಕನ್ನಡ: 'ಆತ್ಮೀಯರಲ್ಲಿ ವಿನಂತಿ. ಹೋಳಿಗೆ ಬಡಿಸುವವರ ಕಣ್ಣು ಕೆಂಪಾಗಿರುವುದು ಅಂಟುರೋಗದಿಂದಲ್ಲ. ಇಸುಬಿಗೆ ಅವರು ತೆಗೆದುಕೊಳ್ಳುವ ಇಂಜೆಕ್ಷನ್ನಿನ ಅಡ್ಡಪರಿಣಾಮ. ಯಾರೂ ಭಯಪಡಬೇಕಾಗಿಲ್ಲ.'

ಭಾವ ಹೆಮ್ಮೆಯಿಂದ ನಿಂತಿದ್ದರು. "ಹ್ಯಾಂಗಿದ್ದು? ಎರಡೂ ಒಂದೇ ಅಂಗಡಿಲಿ ಮಾಡ್ಸಿದ್ದು."

ಅಲ್ಲಿಯವರೆಗೆ ಮದುವೆಗೆ ಬಂದವರಲ್ಲಿ ನನ್ನ ಕಣ್ಣಿನ ಸುದ್ದಿ ಹತ್ತಿರದ ನೆಂಟರಿಗಷ್ಟೇ ಗೊತ್ತಿತ್ತು. ಹನಿ ಹಾಕಿ ಹಾಕಿ ಕೆಂಪು ಅರ್ಧ ಇಳಿದಿತ್ತು ಕೂಡ. ಈಗ ಮಂಟಪಕ್ಕೆ ಬಂದ ಅಷ್ಟೂ ಜನ ನಿಂತು ಓದಿದರು. ಕೆಲವರು ಎರಡೆರಡು ಸಲ ಓದಿದರು. ವರನ ಕಡೆಯವರೊಬ್ಬರು ಅದರ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ಭಾವ ಪಟ್ಟಿ ಬದಲಿಸಿರಲಿಲ್ಲ. ಪಂಚೆ ಸೊಂಟಕ್ಕೆ ಬಿಗಿದು, ಹೆಗಲ ಶಾಲು ನಡುವಿಗೆ ಕಟ್ಟಿ, ಅಡುಗೆ ಭಟ್ಟರಿಂದ ಹೋಳಿಗೆಯ ತಟ್ಟೆ ಇಸಿದುಕೊಂಡೆ. ಅದು ಬಿಸಿಯಿತ್ತು, ನನ್ನ ಅಂಗೈಗೆ ನೋವಾಗಲಿಲ್ಲ.

ಮೊದಲ ಹಂತಿಯ ಮೊದಲ ಎಲೆಯವರು ಎರಡೂ ಕೈ ಅಡ್ಡ ಹಿಡಿದರು. ಎರಡನೆಯವರೂ. ಮೂರನೆಯವರು ಎಲೆಯ ಮೇಲೆ ಬಗ್ಗಿಯೇಬಿಟ್ಟರು. ಇದು ಒತ್ತಾಯಕ್ಕೆ ಕಾಯುವ ಬೇಡ ಅಲ್ಲ, ನಿಜವಾದ ಬೇಡ. ಎರಡರ ವ್ಯತ್ಯಾಸ ನಮ್ಮ ಕಡೆಯ ಚಿಕ್ಕ ಮಕ್ಕಳಿಗೂ ಗೊತ್ತು. ಹತ್ತು ಎಲೆ ದಾಟಿದರೂ ತಟ್ಟೆಯಿಂದ ಒಂದು ಹೋಳಿಗೆ ಇಳಿದಿರಲಿಲ್ಲ. ಹನ್ನೊಂದನೆಯ ಎಲೆಗೆ ಕೂತವರು ಭಾವನ ದೊಡ್ಡಪ್ಪ, ಎಂಬತ್ತು ದಾಟಿದವರು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಸಿಹಿ ನಿಲ್ಲಿಸಿದವರು. ಹಾಗೆಯೇ ಮುಂದೆ ಹೋಗುತ್ತಿದ್ದ ನನ್ನನ್ನು ಅವರು ಪಂಚೆ ಹಿಡಿದು ನಿಲ್ಲಿಸಿದರು.

"ಎಲ್ಲಿಗೆ ಹೋಗ್ತಾ ಇದ್ದೆ? ಹಾಕು."

"ನನ್ನ ಕಣ್ಣು..." ಎಂದೆ.

"ಬಾಗ್ಲಲ್ಲಿ ಓದಿ ಆಜು. ನೀ ಎಂತ ಕಣ್ಣಿಂದ ಬಡಿಸ್ತ್ಯನ? ಕೈಯಿಂದ ಹಾಕು, ಬೇಗ ಹಾಕು, ಸೊಸೆ ನೋಡದ್ರೊಳಗೆ."

ಅವರು ಮೂರು ಹಾಕಿಸಿಕೊಂಡರು. ಸೊಸೆ ಆಚೆ ಹಂತಿಯಿಂದ ಕೂಗುವಷ್ಟರಲ್ಲಿ ಎರಡು ಮುಗಿದಿದ್ದವು. ಅಜ್ಜ ಸಾಯಲಿಲ್ಲ, ಕಣ್ಣೂ ಕೆಂಪಾಗಲಿಲ್ಲ, ತುಪ್ಪ ಬೇರೆ ಕೇಳಿದರು. ಪಕ್ಕದವರು ಅದನ್ನು ನೋಡಿ ಕೈ ತೆಗೆದರು.

ಆಮೇಲೆ ನಡೆದದ್ದನ್ನು ನಾನು ಎಣಿಸಿಯೇ ಇರಲಿಲ್ಲ. ಬೇಡ ಎಂದರೆ ಇವನು ಇನ್ನೂ ಹತ್ತಿರ ಬಗ್ಗಿ ಒತ್ತಾಯ ಮಾಡುತ್ತಾನೆ, ಹೂಂ ಎಂದರೆ ಹಾಕಿ ಹೋಗುತ್ತಾನೆ ಎಂಬುದು ಜನರಿಗೆ ಹೊಳೆಯಿತು. ನಾನು ತಟ್ಟೆ ತರುವ ಮೊದಲೇ 'ಎರಡು, ಎರಡು' ಎಂದು ಬೆರಳು ತೋರಿಸಿ, ಉಸಿರು ಹಿಡಿದು ಕೂರತೊಡಗಿದರು. ಒಬ್ಬರು ನಾಲ್ಕು ಹಾಕಿದರೂ ಸುಮ್ಮನಿದ್ದರು. ನಮ್ಮ ಕಡೆಯ ಮದುವೆಗಳಲ್ಲಿ ಹೋಳಿಗೆ ಅಷ್ಟು ವೇಗವಾಗಿ ಖರ್ಚಾದದ್ದಿಲ್ಲ. ಎರಡನೆಯ ಹಂತಿ ಮುಗಿಯುವ ಹೊತ್ತಿಗೆ ಅಡುಗೆ ಭಟ್ಟರು ಹೊರಗೆ ಬಂದು ತಲೆಯ ಮೇಲೆ ಕೈ ಇಟ್ಟುಕೊಂಡರು. ಭಾವ ಓಡಿಬಂದು ಕಿವಿಯಲ್ಲಿ, "ಒತ್ತಾಯ ಮಾಡಡ ಮಾರಾಯ, ಕಾಲಿಗೆ ಬೀಳ್ತೆ" ಎಂದರು. ನನಗೆ ಹೊಟ್ಟೆತುಂಬ ನಗು. ಯಾವ ಕಾರಣಕ್ಕೇ ಆಗಲಿ, ನನ್ನ ಕೈಯಿಂದ ಬಿದ್ದ ಹೋಳಿಗೆಯನ್ನು ಜನ ತಿನ್ನುತ್ತಿದ್ದರು. ನಾನು ಬಹಳ ಸಂತೋಷದಲ್ಲಿದ್ದೆ.

ಮೂರನೆಯ ಹಂತಿಯ ತುದಿಗೆ ಹತ್ತಿರದಲ್ಲಿ ಒಂದು ಎಲೆ ಖಾಲಿ ಇತ್ತು. ಎಲೆ ಹಾಕಿದೆ, ನೀರಿಟ್ಟಿದೆ, ಯಾರೂ ಕೂತಿಲ್ಲ. ಜಾಗವಿಲ್ಲದೆ ಜನ ಗೋಡೆಯ ಬಳಿ ನಿಂತು ಕಾಯುತ್ತಿದ್ದರೂ ಅಲ್ಲಿಗೆ ಬಂದಿರಲಿಲ್ಲ. ಅದರ ಆಚೆ ಒಬ್ಬಳು ಹುಡುಗಿ, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು, ವರನ ಕಡೆಯವಳು. ಸೀರೆಯ ಸೆರಗನ್ನು ಎಡಗೈಗೆ ಸುತ್ತಿಕೊಂಡಿದ್ದಳು, ಬಲಗೈಯಲ್ಲಿ ಚಮಚೆ ಹಿಡಿದು ಅನ್ನ ತಿನ್ನುತ್ತಿದ್ದಳು. ಎಲೆಯಲ್ಲಿ ಚಮಚೆಯಿಂದ ಯಾರೂ ತಿನ್ನುವುದಿಲ್ಲ. ಬೆರಳ ಗೆಣ್ಣುಗಳನ್ನು ನೋಡಿದೆ. ಒಡೆದು, ಕಪ್ಪಾಗಿ, ಮತ್ತೆ ಒಡೆದಿದ್ದವು. ಆ ಖಾಲಿ ಎಲೆ ಯಾಕೆ ಖಾಲಿ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ಹೋಳಿಗೆ ಬೇಡ," ಎಂದಳು ತಲೆಯೆತ್ತದೆ. ಆಮೇಲೆ ಬಹಳ ಮೆಲ್ಲಗೆ ಕೇಳಿದಳು. "ಬಾಗ್ಲಲ್ಲಿ ಬರದಿದ್ದು ನಿಂಗಳ ಬಗ್ಗೆಯನ?"

"ಹೌದು."

"ಕೈ ತೋರ್ಸಿ."

ಹೋಳಿಗೆಯ ತಟ್ಟೆಯನ್ನು ಮಂಡಿಯ ಮೇಲಿಟ್ಟು, ಕುಕ್ಕರಗಾಲಲ್ಲಿ ಕೂತು, ಅಂಗೈ ಬಿಚ್ಚಿ ತೋರಿಸಿದೆ. ಅವಳು ಅದನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

"ಕೆರತ ನಿಜವಾಗ್ಲೂ ಹೋತನ?"

"ಪೂರ್ತಿ ಹೋಯ್ದಿಲ್ಲೆ. ಆದ್ರೆ ರಾತ್ರೆ ನಿದ್ದೆ ಬತ್ತು."

"ಕಣ್ಣು?"

"ಉರಿತು. ದಿನಕ್ಕೆ ನಾಕು ಸಲ ಹನಿ ಹಾಕವು. ಆದ್ರೂ ಆನು ಬಿಡ್ತಿಲ್ಲೆ."

"ನಂಗೆ ಯಾರೂ ಹೇಳಿದ್ವಿಲ್ಲೆ, ಹಿಂಗೊಂದು ಮದ್ದಿದ್ದು ಹೇಳಿ," ಎಂದಳು. "ಬದನೆಕಾಯಿ ತಿನ್ನಡ ಹೇಳದು ಒಂದೇ." ಅವಳ ಕಣ್ಣು ತುಂಬಿತು.

ಹಿಂದಿನಿಂದ ಭಾವ ಬಂದು ಗದರಿದರು. "ಹಂತಿ ನಿಂತು ಹೋಜು, ಮುಂದೆ ನಡೆ ಮಾರಾಯ." ಇನ್ನೂ ಎರಡು ಹಂತಿ ಬಾಕಿ ಇತ್ತು. ನಾನು ಮೂವತ್ತು ವರ್ಷ ಕಾದ ತಟ್ಟೆ ಅದು. ಎದ್ದು ಅದನ್ನು ಭಾವನ ಕೈಗೆ ಕೊಟ್ಟೆ, ನಡುವಿನ ಶಾಲು ಬಿಚ್ಚಿದೆ, ಆ ಖಾಲಿ ಎಲೆಗೆ ಕೂತೆ. ಬಡಿಸುವವರು ಎಲ್ಲರದ್ದೂ ಮುಗಿದ ಮೇಲೆ ಉಣ್ಣುವುದು ನಮ್ಮಲ್ಲಿನ ಕ್ರಮ. ನಡುಹಂತಿಯಲ್ಲಿ ಹೀಗೆ ಕೂತವನನ್ನು ಭಾವ ತಮ್ಮ ಜನ್ಮದಲ್ಲಿ ನೋಡಿರಲಿಲ್ಲ.

"ನಿಂಗೆ ಎಂತಾ ಆತು?"

"ಹಶವಾತು. ನಂಗೂ ಬಡ್ಸಿ ಭಾವ, ಇವ್ಳಿಗೂ ಬಡ್ಸಿ."

 ಭಾವ ನನ್ನನ್ನು ನೋಡಿದರು, ಅವಳ ಕೈ ನೋಡಿದರು, ಅಲ್ಲಿಯವರೆಗೆ ಖಾಲಿಯಿದ್ದ ಎಲೆ ನೋಡಿದರು. ಅವರ ಮುಖ ಸಣ್ಣಗಾಯಿತು. ನನ್ನ ಎಲೆಗೆ ಒಂದು ಹೋಳಿಗೆ ಹಾಕಿ, ಅವಳ ಮುಂದೆ ಬಗ್ಗಿದರು. ಅವಳು ಸೆರಗು ಸುತ್ತಿದ ಕೈಯನ್ನು ಅಡ್ಡ ಹಿಡಿದಳು. ಭಾವ ಹೋಗಲಿಲ್ಲ.

"ಒಂದೇ ಒಂದು ತಂಗಿ," ಎಂದರು. "ನನ್ನ ಮಗಳ ಮದುವೆ. ಒಂದು ತಿನ್ನದ್ದೆ ಇದ್ರೆ ಆನು ಇಲ್ಲಿಂದ ಏಳ್ತ್ನಿಲ್ಲೆ."

ಅವಳು ಕೈ ತೆಗೆದಳು. ಹೋಳಿಗೆ ಎಲೆಗೆ ಬಿತ್ತು.  ಆಮೇಲೆ ಚಮಚೆಯನ್ನು ಪಕ್ಕಕ್ಕಿಟ್ಟು, ಕೈಯಿಂದಲೇ ಹೋಳಿಗೆ ಮುರಿದಳು.